ಹಳ್ಳದ ಆಚೆ ಒಂಬತ್ತು, ಈಚೆ ಸೊನ್ನೆ

ಮೊನ್ನೆ ಬೆಳಿಗ್ಗೆ ನಮ್ಮ ಓಣಿಯ ನೀರಿನ ಟಾಕಿಗೆ ಪುರಸಭೆಯವರು ಬ್ಲೀಚಿಂಗ್ ಪೌಡರ್ ಸುರಿದು ಹೋದರು. ಬೈಲಹೊಂಗಲದಲ್ಲಿ ಬಿಸಿಲು ಏರಿತೆಂದರೆ ಇದು ಇದ್ದದ್ದೇ. ನಾನು ಅಡುಗೆಮನೆಯಲ್ಲಿ ಮೆಂತ್ಯದ ಪಲ್ಲೆ ಸೋಸುತ್ತ ಕುಳಿತಿದ್ದೆ. ಆ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ಕೈ ನಿಂತುಬಿಟ್ಟಿತು. ಅದೇ ಹೊತ್ತಿಗೆ ಪಡಸಾಲೆಯಲ್ಲಿ ನಮ್ಮ ಮನೆಯವರು ಪೇಪರ್ ಓದುತ್ತಿದ್ದರು. ಅದರಲ್ಲಿ ಜಗತ್ತಿನ ನಕಾಶೆಯೊಂದನ್ನು ಹಾಕಿ, ಕಾಲರಾ ಹೊಕ್ಕ ದೇಶಗಳಿಗೆ ಕಪ್ಪು ಬಳಿದಿದ್ದರು.

"ನೋಡ ಬಾ ಇಲ್ಲೆ. ಒಂದ ರೋಗ. ಈ ದೇಶದಾಗ ಮಂದಿ ಹುಳದಾಂಗ ಸತ್ತಾರ. ಬಾಜೂ ದೇಶದಾಗ ಬೆರಳಿನಾಗ ಎಣಿಸೂವಷ್ಟು. ಗಾಳಿ ಒಂದ, ಬಿಸಲ ಒಂದ, ನಡಕ ಬರೇ ಒಂದು ಗೆರಿ. ಹಿಂಗ್ಯಾಕ ಅಂತೇನಿ?"

"ಬಾಜೂ ದೇಶದಾಗ ಎಣಸಾವ್ರು ಯಾರು ಅಂತ ಬರದಾರೇನ್ರಿ?" ಎಂದು ಒಳಗಿನಿಂದಲೇ ಕೇಳಿದೆ.

ಅವರು ಕನ್ನಡಕ ಹಣೆಗೇರಿಸಿ ನನ್ನ ಕಡೆ ನೋಡಿದರು. ನಾನು ಪಲ್ಲೆ ಸೋಸುವುದನ್ನು ಮುಂದುವರಿಸಿದೆ. ಆದರೆ ಮನಸ್ಸು ಆಗಲೇ ಹಳ್ಳ ದಾಟಿ ಹೋಗಿತ್ತು.

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ ಅದು. ನನಗೆ ಇಪ್ಪತ್ತಮೂರು. ನರ್ಸ್ ತರಬೇತಿ ಮುಗಿಸಿ ಮೊದಲ ಪೋಸ್ಟಿಂಗಿಗೆ ಸವದತ್ತಿ ತಾಲೂಕಿನ ಅಂಚಿನ ಒಂದು ಊರಿಗೆ ಹೋಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಆ ಮನೆಗಳವರು ಇನ್ನೂ ಇದ್ದಾರೆ. ನಮ್ಮದನ್ನು ಮೇಲಿನೂರು ಎನ್ನುತ್ತೇನೆ. ಊರ ಕೆಳಗೆ ಒಂದು ಹಳ್ಳ. ಹಳ್ಳ ದಾಟಿದರೆ ರಾಮದುರ್ಗ ತಾಲೂಕು, ಅಲ್ಲಿಯ ಮೊದಲ ಊರನ್ನು ಕೆಳಗಿನೂರು ಎನ್ನೋಣ. ಕಾಲುದಾರಿಯಲ್ಲಿ ಮುಕ್ಕಾಲು ತಾಸು. ಚಕ್ಕಡಿಯಲ್ಲಿ ಹೋದರೆ ಕಲ್ಲುದಾರಿ ಸುತ್ತಿಕೊಂಡು ಒಂದೂವರೆ ತಾಸು. ಎರಡೂ ಊರುಗಳ ನಡುವೆ ಹೆಣ್ಣು ಕೊಡುವುದು ತರುವುದು ಎಷ್ಟೋ ತಲೆಮಾರಿನಿಂದ ನಡೆದಿತ್ತು. ಮೇಲಿನೂರಿನ ಸೊಸೆಯರಲ್ಲಿ ಅರ್ಧ ಮಂದಿ ಕೆಳಗಿನೂರಿನ ಹೆಣ್ಣುಮಕ್ಕಳೇ.

ನನಗೆ ಊರ ಹೊರಗೆ, ಕೇರಿಯ ಮಗ್ಗುಲಲ್ಲಿ ಒಂದು ಖೋಲಿ ಕೊಟ್ಟಿದ್ದರು. ಅದೇ ದವಾಖಾನೆ, ಅದೇ ಮನೆ. ನಮ್ಮಪ್ಪ ಬೈಲಹೊಂಗಲದ ಅರಳೆ ಪೇಟೆಯಲ್ಲಿ ಹಮಾಲಿ ಮಾಡಿದವರು. ದೀಕ್ಷೆ ತೆಗೆದುಕೊಂಡ ಮೇಲೆ ಮನೆಯ ಗೋಡೆಗೆ ಬುದ್ಧನ ಪಟ ಹಾಕಿದವರು. ಆ ಸುದ್ದಿ ನನಗಿಂತ ಮೊದಲೇ ಊರು ಸೇರಿತ್ತು. ಯಾರೂ ಕೆಟ್ಟದಾಗಿ ಮಾತಾಡಲಿಲ್ಲ. "ಬರ್ರಿ ನರ್ಸಬಾಯಾರ" ಎಂದು ಕರೆಯುತ್ತಿದ್ದರು, ಕಟ್ಟೆಯ ಮೇಲೆ ಕುಳ್ಳಿರಿಸುತ್ತಿದ್ದರು. ಆದರೆ ಊರ ನಡುವಿನ ಮೆಟ್ಟಿಲು ಬಾವಿಗೆ ನಾನು ಕೊಡ ಒಯ್ಯುವಂತಿರಲಿಲ್ಲ. ನನ್ನ ಕೈಯ ಸೂಜಿ ನಡೆಯುತ್ತಿತ್ತು, ನನ್ನ ಕೈಯ ನೀರು ನಡೆಯುತ್ತಿರಲಿಲ್ಲ. ಕೇರಿಯ ಹೆಂಗಸರ ಜೊತೆ ನಾನೂ ಹಳ್ಳಕ್ಕೆ ಹೋಗಿ, ಉಸುಕಿನಲ್ಲಿ ತೋಡಿದ ಒರತೆಯಿಂದ ಬಟ್ಟಲಲ್ಲಿ ಮೊಗೆದು ಮೊಗೆದು ಕೊಡ ತುಂಬುತ್ತಿದ್ದೆ. ಒಂದು ಕೊಡಕ್ಕೆ ಅರ್ಧ ತಾಸು.

ಬಾವಿಗೆ ಹತ್ತಿರದ ದೊಡ್ಡ ಮನೆ ಗೌರವ್ವನದು. ಗಂಡ ತೀರಿಕೊಂಡ ಮೇಲೆ ಹೊಲ, ಎತ್ತು, ಆಳು ಎಲ್ಲವನ್ನೂ ಅವಳೇ ನಡೆಸುತ್ತಿದ್ದಳು. "ನಿನ್ನ ಸೂಜಿಕಿಂತ ನನ್ನ ನಾಲಿಗಿ ಚೂಪ ಐತಿ, ನರ್ಸಬಾಯಿ. ನನಗ ಚುಚ್ಚಾಕ ಬರಬ್ಯಾಡ" ಎಂದು ಮೊದಲ ದಿನವೇ ಹೇಳಿದ್ದಳು. ಅವಳ ಸೊಸೆ ಶಾಂತವ್ವನಿಗೆ ಹತ್ತೊಂಬತ್ತು ವರ್ಷ. ಮದುವೆಯಾಗಿ ಒಂದು ವರ್ಷವೂ ತುಂಬಿರಲಿಲ್ಲ, ಕೆಳಗಿನೂರಿನ ಹುಡುಗಿ. ಅತ್ತೆ ಹೊಲಕ್ಕೆ ಹೋದಾಗ ನನ್ನ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

"ಬಾಯಾರ, ಬೈಲಹೊಂಗಲದ ಟಾಕೀಸಿನ್ಯಾಗ ಮಳಿ ಬಂದ್ರ ಕುಂತಾವ್ರು ತೊಯ್ತಾರೇನ್ರಿ?"

"ಮುಂದಿನ ಸಾಲಿನಾವ್ರು ಅಷ್ಟ ತೊಯ್ತಾರ" ಎಂದು ನಾನು ಹೇಳಿದರೆ ಅರ್ಧ ನಂಬಿ ಅರ್ಧ ನಕ್ಕು ಓಡಿಹೋಗುತ್ತಿದ್ದಳು.

ಜೋಳದ ರಾಶಿಯ ಕಾಲ. ಗಂಡಸರೆಲ್ಲ ಹಗಲೂ ರಾತ್ರಿ ಹೊಲದ ಕಣದಲ್ಲೇ ಇದ್ದು, ಹೊಲದ ಬಾವಿಯ ನೀರು ಕುಡಿದು, ಬುತ್ತಿ ತರಿಸಿಕೊಂಡು ಉಣ್ಣುತ್ತಿದ್ದರು. ಊರಲ್ಲಿ ಉಳಿದವರು ಹೆಂಗಸರು, ಮುದುಕರು, ಮಕ್ಕಳು. ಆ ವರ್ಷ ಮೆಟ್ಟಿಲು ಬಾವಿಯ ನೀರು ತಳಕ್ಕೆ ಇಳಿದಿತ್ತು. ಕೊಡ ಮುಳುಗಿಸಬೇಕೆಂದರೆ ಕೊನೆಯ ಮೆಟ್ಟಿಲು ದಾಟಿ ನೀರಿನೊಳಗೇ ಕಾಲಿಟ್ಟು ನಿಲ್ಲಬೇಕಾಗಿತ್ತು.

ಮೊದಲು ಸುದ್ದಿ ಬಂದದ್ದು ಹಳ್ಳದ ಆಚೆಯಿಂದ. ಕೆಳಗಿನೂರಿನಲ್ಲಿ ವಾಂತಿಭೇದಿ, ಎರಡು ಹೆಣ. ವಾರದೊಳಗೆ ಐದು. ರಾಮದುರ್ಗದ ಕಡೆಯಿಂದ ಜೀಪು ಬಂತು, ಡಾಕ್ಟರು ಬಂದರು, ಬ್ಲೀಚಿಂಗ್ ಪೌಡರಿನ ಚೀಲಗಳು, ಸಲೈನ್ ಬಾಟಲಿಗಳು ಬಂದವು. ನಮ್ಮ ಕಡೆ ಏನೂ ಬರಲಿಲ್ಲ, ಏಕೆಂದರೆ ನಮ್ಮಲ್ಲಿ ಏನೂ ಆಗಿರಲಿಲ್ಲ. ರಿಜಿಸ್ಟರಿನಲ್ಲಿ ಹಾಗೇ ಇತ್ತು.

ಏನೂ ಆಗಿರಲಿಲ್ಲ ಎಂದೆನಲ್ಲ, ಅದರ ಒಳಗಿನ ಮಾತನ್ನೂ ಬರೆದುಬಿಡುತ್ತೇನೆ. ಮೇಲಿನ ಓಣಿಯ ಒಬ್ಬ ಮುದುಕ ಒಂದೇ ಹಗಲಿನಲ್ಲಿ ಭೇದಿಯಾಗಿ ತೀರಿಕೊಂಡಿದ್ದ. ಒಂದು ಕೂಸು ಹೋಗಿತ್ತು. ಸೈಕಲ್ ಮೇಲೆ ಬರುತ್ತಿದ್ದ ನಮ್ಮ ಹೆಲ್ತ್ ಇನ್ಸ್‌ಪೆಕ್ಟರ್ ಸಾಹೇಬರು ರಿಜಿಸ್ಟರ್ ತೆರೆದು, "ಎಂಬತ್ತರ ಮುದುಕ ಹ್ಯಾಂಗ ಸತ್ರೂ ವಯಸ್ಸಾಗೇ ಸತ್ತಂಗ. ಕೂಸಿಗೆ ಹಲ್ಲ ಬರೂ ಹೊತ್ತು, ಭೇದಿ ಆಗೂದ. ಸುಮ್ನ ಕಾಲರಾ ಅಂತ ಬರದು ತಾಲೂಕಿನ ಹೆಸರ ಕೆಡಸಬ್ಯಾಡ್ರಿ" ಎಂದಿದ್ದರು. ಅವರು ಕೆಟ್ಟವರಲ್ಲ. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಂದು ಕಡೆ "ವಯಸ್ಸಾಗಿ" ಎಂದು ಬರೆದೆ, ಇನ್ನೊಂದು ಕಡೆ "ಹಲ್ಲು ಬರುವ ಭೇದಿ" ಎಂದು ಬರೆದೆ. ಅಕ್ಷರ ನನ್ನದೇ.

ಕೆಳಗಿನೂರಿನ ನರ್ಸ್ ರಶೀದಾ ನನ್ನ ಜೊತೆಗೇ ತರಬೇತಿ ಪಡೆದವಳು. ಅವಳ ಅಪ್ಪ ಬಸ್ ಡ್ರೈವರ್. ಬಾಯಿ ಬಹಳ ಜೋರು. ಆ ಬೇಸಿಗೆಯಲ್ಲಿ ನಾವು ಹದಿನೈದು ದಿನಕ್ಕೊಮ್ಮೆ ಹಳ್ಳದ ದಂಡೆಯ ಜಾಲಿ ನೆರಳಿನಲ್ಲಿ ಕೂಡಿ ರೊಟ್ಟಿ ಉಣ್ಣುತ್ತಿದ್ದೆವು. ಆ ಸಲ ಬಂದಾಗ ಅವಳ ಕಣ್ಣು ಗುಳಿ ಬಿದ್ದಿದ್ದವು, ಕೈಗಳೆಲ್ಲ ಬ್ಲೀಚಿಂಗ್ ಪೌಡರಿನ ವಾಸನೆ.

"ನಿಮ್ಮೂರ ದೇವರು ಭಾಳ ಗಟ್ಟಿ ಅದಾನ ಬಿಡ ಕಮಲಾ" ಎಂದಳು. "ನಮ್ಮಲ್ಲೆ ಒಂಬತ್ತು ಆತು. ನಿಮ್ಮಲ್ಲೆ ಸೊನ್ನಿ. ನಮ್ಮ ಡಾಕ್ಟರು ತಲಿ ಕೆಡಿಸ್ಕೊಂಡಾರ. ಈ ರೋಗ ಜಗತ್ತೆಲ್ಲಾ ತಿರಗಾಕ ಹತ್ತೇತಂತ. ಒಂದು ದೇಶ ಹೊಕ್ಕು ಸಾವಿರ ಮಂದಿನ್ನ ಒಯ್ತೈತಿ, ಮಗ್ಗಲ ದೇಶದಾಗ ಮಂದಿ ಆರಾಮ ಇರತಾರಂತ. ಹಿಂಗ್ಯಾಕ ಅಂತ ದೊಡ್ಡ ದೊಡ್ಡವರಿಗೇ ತಿಳಿವಲ್ದಂತ. ಇನ್ನ ನಮ್ಮೂರು ನಿಮ್ಮೂರಿಂದು ಏನ ತಿಳಿಬೇಕು?"

"ಒಂಬತ್ತರಾಗ ಯಾರ್‍ಯಾರು?"

"ಅದ ವಿಚಿತ್ರ ನೋಡ. ಆರು ಮಂದಿ ವಯಸ್ಸಿನ ಹೆಣಮಕ್ಕಳು. ಗಂಡಸರು ಒಬ್ರೂ ಇಲ್ಲ. ಹೆಂಗಸರು ಹಳ್ಳದಾಗ ಅರಿವಿ ಒಗೀತಾರ, ಅದಕ್ಕ ಅಂತ ಡಾಕ್ಟರು ಹಳ್ಳಕ್ಕೆಲ್ಲಾ ಪೌಡರ ಹಾಕಿಸ್ಯಾರ. ಇನ್ನ ಮೂರು ಮಂದಿ ಅವರಿಗೆ ಸೇವಾ ಮಾಡಿದ ಮುದುಕ್ಯಾರು."

ಅವಳ ವಹಿಯನ್ನು ಇಸಿದುಕೊಂಡು ನೋಡಿದೆ. ಕಲ್ಲವ್ವ, ತಂದೆಯ ಹೆಸರು. ಮಾದೇವಿ, ತಂದೆಯ ಹೆಸರು. ಆರಕ್ಕೂ ತಂದೆಯ ಹೆಸರೇ ಇತ್ತು. ರಶೀದಾ ಅಚ್ಚುಕಟ್ಟಿನ ಹುಡುಗಿ. ಹೆಸರಿನ ಕೆಳಗೆ ಗುರುತನ್ನೂ ಬರೆದಿದ್ದಳು. "ಕಲ್ಲವ್ವ, ಎಡಗೈ ಮೇಲೆ ಚೇಳಿನ ಹಚ್ಚೆ."

ಆ ಚೇಳಿನ ಮೇಲೆ ನಾನು ಸೂಜಿ ಚುಚ್ಚಿದ್ದೆ, ಒಂದು ತಿಂಗಳ ಹಿಂದೆ. ಗೌರವ್ವನ ಮನೆಯ ಆಳು ಫಕೀರಪ್ಪನ ಹೆಂಡತಿ ಅವಳು. "ಚೇಳಿಗೇ ಚುಚ್ಚಿದ್ರೆಲ್ರಿ ಬಾಯಾರ, ಅದು ತಿರುಗಿ ಕಡದ್ರ?" ಎಂದಿದ್ದಳು. ತವರಿಗೆ ಹೋಗಿದ್ದಾಳೆ ಎಂದಷ್ಟೇ ಊರಲ್ಲಿ ಹೇಳಿದ್ದರು.

"ರಶೀದಾ, ಇವರು ನಿಮ್ಮೂರಾಗ ಜಡ್ಡು ಬಿದ್ದರೋ, ಜಡ್ಡು ಬಿದ್ದು ನಿಮ್ಮೂರಿಗೆ ಬಂದ್ರೋ?"

ಅವಳ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. "ಚಕ್ಕಡ್ಯಾಗ ಬಂದ್ರು" ಎಂದಳು. "ತವರಮನಿಗೆ ಬಂದಾವ್ರು ಅಪ್ಪನ ಹೆಸರ ಹೇಳ್ತಾರ. ನಾ ಅದನ್ನ ಬರದೆ. ಯಾ ಊರಿಂದ ಬಂದ್ರಿ ಅಂತ ಕೇಳಲೇ ಇಲ್ಲಲೇ, ಯಾ ಅಲ್ಲಾ!"

ಆರು ಹೆಸರುಗಳನ್ನೂ ಒಂದೊಂದಾಗಿ ಓದಿದಳು. ಆರೂ ನಮ್ಮೂರ ಸೊಸೆಯರು. ಆರು ಮನೆಯೂ ಮೆಟ್ಟಿಲು ಬಾವಿಯ ಸುತ್ತಿನ ಓಣಿಗಳಲ್ಲೇ. ಕೇರಿಯಿಂದ ಒಬ್ಬರೂ ಇರಲಿಲ್ಲ. ಬಾವಿಗೆ ಇಳಿಯಗೊಡದ ಕಾರಣಕ್ಕೆ ಕೇರಿಯವರೂ ನಾನೂ ಉಸುಕಿನ ನೀರು ಕುಡಿಯುತ್ತಿದ್ದೆವು, ಆರಾಮ ಇದ್ದೆವು. ಗಂಡಸರು ಹೊಲದ ನೀರು ಕುಡಿಯುತ್ತಿದ್ದರು, ಆರಾಮ ಇದ್ದರು. ರೋಗ ಇದ್ದದ್ದು ನಮ್ಮ ಬಾವಿಯಲ್ಲಿ, ಹೆಣ ಬಿದ್ದದ್ದು ಅವರ ಊರಲ್ಲಿ, ಪೌಡರು ಬಿದ್ದದ್ದು ಹಳ್ಳದ ನೀರಿಗೆ. ಬಾವಿ ಹಾಗೇ ಇತ್ತು. ಆ ಹೊತ್ತಿನಲ್ಲೂ ಹೆಂಗಸರು ಅದಕ್ಕೆ ಇಳಿಯುತ್ತಿದ್ದರು.

ಏಳುವ ಮುಂಚೆ ರಶೀದಾ ನನ್ನ ಕೈ ಹಿಡಿದು ಹೇಳಿದಳು: "ನಮ್ಮ ಡಾಕ್ಟರು ಹೊಸಾದೊಂದು ಕಲಿಸ್ಯಾರ. ಬಾಟ್ಲಿ ಇರಲಿಲ್ಲಂದ್ರ ಒಂದು ಚರಗಿ ಕಾಸಿದ ನೀರಿಗೆ ಒಂದು ಮುಟಗಿ ಸಕ್ಕರಿ, ಮೂರು ಬಳ್ಳಿನ ಚಿಟಿಕಿ ಉಪ್ಪು. ಕಣ್ಣೀರಿಗಿಂತ ಉಪ್ಪ ಆಗಬಾರದು. ಎಷ್ಟು ಹೊರಗ ಹೋಕ್ಕೈತೋ ಅಷ್ಟು ಒಳಗ ಹಾಕಬೇಕು. ಕಾರಿಕೊಂಡ್ರೂ ಬಿಡಬಾರದು. ಒಂದಕ್ಕ ಹೋದ್ರಂದ್ರ ಉಳದ್ರು ಅಂತ ತಿಳೀಬೇಕು."

ಮರುದಿನ ಇನ್ಸ್‌ಪೆಕ್ಟರ್ ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಸೈಕಲ್ಲಿಗೆ ಆತುಕೊಂಡೇ ಕೇಳಿ, "ಸತ್ತಲ್ಲೆ ಬರಿಯೂದು ಕಾಯ್ದೆ. ಸತ್ತದ್ದು ರಾಮದುರ್ಗ ತಾಲೂಕಿನ್ಯಾಗ. ನಮ್ಮ ಊರಾಗ ಒಂದು ಕೇಸ್ ತೋರಸ್ರಿ, ಪೌಡರ ತರಸೋಣು" ಎಂದರು. ನಾನು ಆ ಮುದುಕನ ಹೆಸರು ತೆಗೆದೆ. "ಅದನ್ನ ವಯಸ್ಸಾಗಿ ಅಂತ ಬರದಾವ್ರು ಯಾರು?" ಎಂದರು. ಬರೆದವಳು ನಾನೇ. ಬಾವಿಯ ನೀರು ಕುದಿಸಿ ಕುಡಿಯಿರಿ ಎಂದು ಮನೆಮನೆಗೆ ಹೇಳುತ್ತ ಹೋದೆ. "ಬಾವಿ ನಿನಗ ಸಿಗಲಿಲ್ಲಂತ ಕೆಟ್ಟೈತಿ ಅಂತಿ?" ಎಂದಳು ಒಬ್ಬಳು. ಸುತ್ತ ನಿಂತವರು ನಕ್ಕರು. ಕಟ್ಟೆಯ ಮೇಲೆ ಕುಳಿತಿದ್ದ ಗೌರವ್ವನೂ ನಕ್ಕಳು.

ಮೂರನೆಯ ದಿನ ಬೆಳಗಾಗುತ್ತಿದ್ದಂತೆ ಫಕೀರಪ್ಪ ನನ್ನ ಬಾಗಿಲಲ್ಲಿ ನಿಂತಿದ್ದ. ಮಾತಾಡುವ ಆಳಲ್ಲ ಅವನು. "ಸಣ್ಣ ಅವ್ವಾರಿಗೆ ಬಂದೈತ್ರಿ" ಎಂದ. "ಚಕ್ಕಡಿ ಹೂಡು ಅಂದಾರ."

ಓಡಿದೆ. ಗೌರವ್ವನ ಮನೆಯ ಮುಂದೆ ಚಕ್ಕಡಿ ನಿಂತಿತ್ತು. ಒಳಗೆ ಜೋಳದ ದಂಟು ಹಾಸಿ, ಮೇಲೆ ಕೌದಿ, ಅದರ ಮೇಲೆ ಶಾಂತವ್ವ. ಹಿಂದಿನ ಸಂಜೆ ಕೊಡ ಹೊತ್ತು ಬಾವಿ ಹತ್ತುತ್ತಿದ್ದ ಹುಡುಗಿ. ಕಣ್ಣು ಒಳಗೆ ಹೋಗಿದ್ದವು. ಬೆರಳುಗಳು ಬಹಳ ಹೊತ್ತು ನೀರಲ್ಲಿ ನೆನೆಸಿದ ಹಾಗೆ ಸುಕ್ಕುಗಟ್ಟಿದ್ದವು. ಕೈಮೇಲಿನ ಚರ್ಮ ಹಿಡಿದು ಬಿಟ್ಟರೆ ಹಾಗೇ ನಿಂತುಕೊಳ್ಳುತ್ತಿತ್ತು. "ನೀರು" ಎಂದಳು, ದನಿಯೇ ಇಲ್ಲದೆ.

"ನೀರು ಕೊಟ್ಟೀರೇನು?"

"ಹುಚ್ಚಿ ಅದಿಯೇನು? ಕೊಟ್ಟಷ್ಟೂ ಹೊರಗ ಬರತೈತಿ. ಹೊಟ್ಟಿ ಖಾಲಿ ಇದ್ರ ನಿಂದರತೈತಿ" ಎಂದಳು ಗೌರವ್ವ. ಸೆರಗು ಸೊಂಟಕ್ಕೆ ಕಟ್ಟಿದ್ದಳು. ರಾತ್ರಿಯಿಡೀ ಬಳಿದು ತೊಳೆದು ಕೈ ಕೆಂಪಾಗಿದ್ದವು. "ಸರಿ ಸರಿ, ಬಿಸಲ ಏರೂದರಾಗ ಮುಟ್ಟಸಬೇಕು."

"ಮುಟ್ಟೂದಿಲ್ಲ ಗೌರವ್ವಾರ. ಇಂತಾ ಆರು ಮಂದಿ ಹಿಂಗ ಹ್ವಾದ್ರು. ಒಂದೂವರಿ ತಾಸು, ಕಲ್ಲದಾರಿ, ಒಂದು ಹನಿ ನೀರಿಲ್ಲ. ಅವರನ್ನ ಕೊಂದದ್ದು ರೋಗಕಿಂತ ಈ ದಾರಿ. ಇಕಿನ್ನ ಇಲ್ಲೇ ಇಟ್ಕೊಳ್ರಿ."

"ಇಲ್ಲೇ ಇಟ್ಕೊಂಡು?" ಗೌರವ್ವ ನನ್ನ ಕಡೆಗೆ ತಿರುಗಿದಳು. "ಇಲ್ಲೇ ಏನರ ಆತಂದ್ರ ಅವರವ್ವಗ ಏನಂತ ಮಾರಿ ತೋರಸ್ಲಿ? ನನ್ನ ಹಿರೇ ಮಗಳು ಗಂಡನ ಮನ್ಯಾಗ ಸತ್ತು ಮಣ್ಣಾಗಿ ಎರಡು ದಿನಕ್ಕ ನನಗ ಹೇಳಿ ಕಳಿಸಿದ್ರು. ಮಾರಿ ಸೈತ ನೋಡಲಿಲ್ಲ ನಾ. ಅಂತಾ ಕೆಲಸ ನಾ ಮಾಡೂದಿಲ್ಲ. ಹಡದಾಕಿ ನೋಡಬೇಕು. ಜೀವ ಇರತನಾನ ನೋಡಬೇಕು. ಫಕೀರ್‍ಯಾ, ಹೊಡಿ ಎತ್ತು!"

ಅಲ್ಲಿಯವರೆಗೂ ನಾನು ಅದನ್ನು ಭಾರ ಇಳಿಸಿಕೊಳ್ಳುವುದು ಎಂದೇ ತಿಳಿದಿದ್ದೆ. ಸೊಸೆ ತವರಿನ ಸ್ವತ್ತು, ಸಾಯುವುದಾದರೆ ಅಲ್ಲೇ ಸಾಯಲಿ ಎಂಬ ಲೆಕ್ಕ ಎಂದು. ಅವಳ ಮುಖ ನೋಡಿದಾಗ ತಿಳಿಯಿತು. ಇದು ಬೇರೆ. ಆರು ಮನೆಯವರೂ ತಾವು ಮರ್ಯಾದೆಯ ಕೆಲಸ ಮಾಡುತ್ತಿದ್ದೇವೆ ಎಂದೇ ಚಕ್ಕಡಿ ಹೂಡಿದ್ದರು.

ಫಕೀರಪ್ಪ ನೊಗದ ಮುಂದೆ ನಿಂತಿದ್ದ. ಬಾರುಕೋಲು ಕೈಯಲ್ಲಿತ್ತು. ಅವನು ಎತ್ತಿನ ಮುಖ ನೋಡುತ್ತಲೇ ಹೇಳಿದ:

"ನಾ ಹೊಡಿಯೂದಿಲ್ರಿ ಅವ್ವಾರ. ಹದಿನೈದ ದಿನದ ಹಿಂದ ಇದ ಚಕ್ಕಡಿ ಹೊಡದಿನ್ರಿ. ಹಳ್ಳದಾಗ ಇಳಿಯೂ ಮುಂದ ನೀರು ನೀರು ಅಂದ್ಳು. ಕೊಡಬಾರದಂತ ಕೊಡಲಿಲ್ಲ. ಏರಿ ಹತ್ತಿದ ಮ್ಯಾಲ ಕೇಳಲೂ ಇಲ್ಲ."

ಬಾವಿಗೆ ಹೊರಟಿದ್ದ ಇಬ್ಬರು ಹೆಂಗಸರು ಕೊಡ ಹಿಡಿದು ಅಲ್ಲೇ ನಿಂತರು. ನನಗೆ ಆಗ ಹೊಳೆದದ್ದನ್ನು ಹಾಗೇ ಅಂದುಬಿಟ್ಟೆ:

"ಮಗಳನ್ನ ಕಳಸಬ್ಯಾಡ್ರಿ, ತಾಯಿನ್ನ ಕರಸ್ರಿ. ಚಕ್ಕಡಿ ಬರಿದ ಹೋಗಲಿ, ಇಕಿ ಅವ್ವ ನೀಲವ್ವಾರನ್ನ ಕೂಡಸ್ಕೊಂಡು ಬರಲಿ. ನೋಡಿದಂಗೂ ಆತು, ಇಕಿ ಅಲಗಾಡೂದೂ ತಪ್ಪಿತು."

ಗೌರವ್ವ ಸೊಸೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಬೀಗತಿಯನ್ನು ಹೀಗೆ ಕರೆಸುವ ಪದ್ಧತಿ ಇರಲಿಲ್ಲ. ಮಗಳ ಮನೆಗೆ ತಾಯಿ ಕರೆಯದೆ ಬರುವಂತಿಲ್ಲ, ಕರೆದರೂ ಸೀರೆ ಕುಪ್ಪಸ ಉಡಿ ಎಂದು ನೂರೆಂಟು ಇರುತ್ತಿದ್ದವು. "ಇಳಸ್ರಿ ಹುಡುಗೀನ್ನ" ಎಂದಳು ಕೊನೆಗೆ. ನಾವು ನಾಲ್ವರು ಕೌದಿಯ ಮೂಲೆ ಹಿಡಿದು ಪಡಸಾಲೆಗೆ ತಂದೆವು. ಬರಿದಾದ ಚಕ್ಕಡಿಯನ್ನು ಫಕೀರಪ್ಪ ಹೊಡೆದ ವೇಗ ಆ ಎತ್ತುಗಳು ಅದಕ್ಕೆ ಮೊದಲು ಕಂಡಿರಲಿಕ್ಕಿಲ್ಲ.

"ಈಗ ನೀರು ಕೊಡಬೇಕು" ಎಂದೆ. "ಸಕ್ಕರಿ, ಉಪ್ಪು ತರ್ರಿ."

ಒಬ್ಬಳು ಬಾವಿಯ ಕೊಡ ಮುಂದೆ ಸರಿಸಿದಳು. "ಅದು ಬ್ಯಾಡ" ಎಂದೆ. "ಅದನ್ನ ಕುದಿಯಾಕ ಇಡ್ರಿ, ಕುದ್ದು ಆರೂತನಾ ಈಕಿ ತಡಿಯೂದಿಲ್ಲ." ನನ್ನ ಖೋಲಿಯಲ್ಲಿ ಒಂದು ಕೊಡ ನೀರಿತ್ತು. ಒರತೆಯದು, ರಾತ್ರಿಯೇ ಕಾಸಿ ಆರಿಸಿಟ್ಟದ್ದು. ಹೇಳಲು ಬಾಯಿ ತೆರೆದೆ, ಆಗಲಿಲ್ಲ. ಪಡಸಾಲೆಯ ತುಂಬ ಹೆಂಗಸರು. ಬಾವಿಯದಲ್ಲದ ನೀರು ನನ್ನ ಕೊಡದಲ್ಲಷ್ಟೇ ಇದೆ ಎಂದು ಎಲ್ಲರಿಗೂ ಅರ್ಥವಾಗಿತ್ತು. ಶಾಂತವ್ವನ ಕೈ ಹಿಡಿದು ನೋಡಿದೆ. ನಾಡಿ ದಾರದಷ್ಟು ಸಣ್ಣಗಿತ್ತು, ನಡುನಡುವೆ ಅದೂ ಸಿಗುತ್ತಿರಲಿಲ್ಲ.

ಗೌರವ್ವ ಯಾರ ಕಡೆಯೂ ನೋಡಲಿಲ್ಲ. "ನಿನ್ನ ಕೊಡ ತಾ ಹೋಗ" ಎಂದಳು.

ಕೊಡ ತಂದು ಹೊಸ್ತಿಲ ಹೊರಗೆ ನಿಂತೆ, ಅಭ್ಯಾಸದಿಂದ. "ಅಲ್ಲ್ಯಾಕ ನಿಂತಿ? ಅಲ್ಲಿಂದ ಆಕಿ ಬಾಯಿಗೆ ಬೀಳತೈತೇನು?" ಎಂದು ಗದರಿದಳು. ಒಳಗೆ ಹೋದೆ. ಚರಿಗೆಗೆ ನಾನೇ ನೀರು ಸುರಿದೆ, ಅವಳು ಸಕ್ಕರೆಯ ಮುಷ್ಟಿ ಹಾಕಿದಳು, ನಾನು ಉಪ್ಪಿನ ಚಿಟಿಕೆ ಹಾಕಿದೆ. ಮೊದಲ ಬಟ್ಟಲನ್ನು ಗೌರವ್ವ ತಾನೇ ಒಂದು ಗುಟುಕು ಕುಡಿದು ನೋಡಿದಳು. ಉಪ್ಪು ನೋಡುವುದಕ್ಕೋ, ಉಳಿದವರಿಗೆ ತೋರಿಸುವುದಕ್ಕೋ, ನಾನು ಇವತ್ತಿಗೂ ಕೇಳಿಲ್ಲ.

ಶಾಂತವ್ವ ಕುಡಿದಳು, ಕಾರಿಕೊಂಡಳು. "ನೋಡು, ಹೇಳಿದ್ದಿಲ್ಲ ನಾ?" ಎಂದು ಒಬ್ಬಳು ಎದ್ದಳು. ಮತ್ತೆ ಚಮಚದಲ್ಲಿ ಕೊಟ್ಟೆ. ಮತ್ತೆ ಕಾರಿಕೊಂಡಳು. ಒಂದೊಂದೇ ಚಮಚ, ಎಣಿಸುತ್ತ, ನಡುವೆ ಬಿಡುವು ಕೊಡುತ್ತ. ಬಿಸಿಲು ಅಂಗಳದಿಂದ ಪಡಸಾಲೆಯ ಮೆಟ್ಟಿಲಿಗೆ ಬಂತು. ಒಂದು ಸಲ ಅವಳ ಕೈಕಾಲು ಸೆಟೆದು ತಿರುಚಿಕೊಂಡವು, ಕಣ್ಣು ಮೇಲಾದವು. ಗೌರವ್ವ ಕಾಲು ತಿಕ್ಕುತ್ತ, "ಏ ಹುಡುಗಿ, ನಿಮ್ಮವ್ವ ಬರಾಕ ಹತ್ಯಾಳ. ಆಕಿ ಬಂದಾಗ ಹಿಂಗ ಬಿದ್ದಿದ್ರ ನನ್ನ ಮರ್ಯಾದಿ ಏನಾಗಬೇಕು? ಏಳಲೇ" ಎಂದು ಬೈಯುತ್ತಿದ್ದಳು.

ಚಕ್ಕಡಿಯ ಸದ್ದು ಕೇಳಿದಾಗ ಬಿಸಿಲು ನೆತ್ತಿಗೆ ಏರುತ್ತಿತ್ತು. ನೀಲವ್ವ ಇನ್ನೂ ನಿಲ್ಲದ ಚಕ್ಕಡಿಯಿಂದಲೇ ಇಳಿದು ಓಡಿಬಂದಳು. ಬರಿದಾದ ಚಕ್ಕಡಿ ಬಾಗಿಲಿಗೆ ಬಂದಾಗ ಮಗಳು ಹೋದಳೆಂದೇ ತಿಳಿದು, ದಾರಿಯುದ್ದಕ್ಕೂ ಅತ್ತು ದನಿ ಹೋಗಿತ್ತು. ಚಕ್ಕಡಿಯ ಹಿಂಬದಿಯಲ್ಲಿ, ಬ್ಲೀಚಿಂಗ್ ಪೌಡರಿನ ಒಂದು ಚೀಲದ ಮೇಲೆ ರಶೀದಾ.

"ಆ ತಾಲೂಕಿನ ಪೌಡರ ಈ ತಾಲೂಕಿಗೆ ತರಾಕ ಬರತೈತೇನ?" ಎಂದೆ.

"ಕೇಳಿದ್ರ ಬರೂದಿಲ್ಲ ಅಂತಿದ್ರು. ಅದಕ್ಕ ಕೇಳಲಿಲ್ಲ" ಎಂದಳು. ನೇರವಾಗಿ ಬಾವಿಗೆ ಹೋದಳು. ಫಕೀರಪ್ಪ ಚೀಲ ಹೊತ್ತು ಹಿಂದೆ ಹೋದ. ಯಾರೂ ಇಳಿಯದಂತೆ ಬಾವಿಯ ಬಾಯಿಗೆ ಜಾಲಿಮುಳ್ಳು ಹಚ್ಚಿದವನು ಅವನೇ. ಆ ಹೊತ್ತಿನಲ್ಲಿ ಅವನನ್ನು ತಡೆಯುವವರು ಯಾರೂ ಇರಲಿಲ್ಲ.

ನೀಲವ್ವ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚ ಹಿಡಿದಳು. ಕೊಡ ಎಲ್ಲಿಯದು, ನೀರು ಯಾರದು ಎಂದು ಅವಳು ಕೇಳಲಿಲ್ಲ. ನನ್ನ ಕೊಡ ಮುಗಿಯಿತು. ಕೇರಿಯಿಂದ ಇನ್ನೆರಡು ಕೊಡ ಬಂದವು. ಸಂಜೆಗೆ ವಾಂತಿ ನಿಂತಿತು, ಭೇದಿ ನಿಲ್ಲಲಿಲ್ಲ. ಆ ರಾತ್ರಿಯನ್ನು ಗೌರವ್ವ, ನೀಲವ್ವ, ನಾನು ಮೂವರೂ ಪಾಳಿ ಹಚ್ಚಿ ಕಳೆದೆವು. ನನಗೆ ನೆನಪಿರುವುದು ಚರಿಗೆಗಳಷ್ಟೇ. ಹನ್ನೊಂದು ಚರಿಗೆ. ಒಂದಕ್ಕೆ ಹೋದರೆ ಉಳಿದಂತೆ ಎಂದು ರಶೀದಾ ಇಬ್ಬರಿಗೂ ಹೇಳಿ ಹೋಗಿದ್ದಳು. ಇಬ್ಬರು ಬೀಗತಿಯರೂ ಅರ್ಧ ತಾಸಿಗೊಮ್ಮೆ, "ಬಂತೇನವಾ?" "ಬರಾಕ ಹತ್ತೇತೇನವಾ?" ಎಂದು ಆ ಹುಡುಗಿಯನ್ನು ಕಾಡುತ್ತಿದ್ದರು.

ಬೆಳಿಗ್ಗೆ ನಾನು ಮುಖ ತೊಳೆಯಲು ಅಂಗಳಕ್ಕೆ ಹೋಗಿದ್ದೆ. ಒಳಗಿನಿಂದ ಗೌರವ್ವನ ದನಿ ಓಣಿಗೆಲ್ಲ ಕೇಳಿತು: "ಹ್ವಾದ್ಳು! ಹ್ವಾದ್ಳು!"

ಓಡಿ ಒಳಗೆ ಬಂದರೆ ಗೌರವ್ವ ಮತ್ತು ನೀಲವ್ವ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ನಗುತ್ತಿದ್ದರು, ಅಳುತ್ತಿದ್ದರು. ಕೌದಿ ಒದ್ದೆಯಾಗಿತ್ತು. ಶಾಂತವ್ವ ನಾಚಿಕೆಯಿಂದ ಮುಖದ ಮೇಲೆ ಸೆರಗು ಎಳೆದುಕೊಳ್ಳಲು ನೋಡುತ್ತಿದ್ದಳು. ಸೆರಗು ಎಳೆಯುವಷ್ಟು ಶಕ್ತಿ ಕೈಗೆ ಬಂದಿತ್ತು.

ಅಂದೇ ರಿಜಿಸ್ಟರ್ ತೆರೆದೆ. ಶಾಂತವ್ವ, ಗಂಡನ ಹೆಸರು, ಊರು, ಕಾಲರಾ, ಬದುಕಿದ್ದಾಳೆ. ಆಮೇಲೆ ಹಿಂದಿನ ಹಾಳೆಗೆ ಹೋಗಿ ಮುದುಕನ ಹೆಸರಿನ ಮುಂದಿದ್ದ "ವಯಸ್ಸಾಗಿ" ಎಂಬುದನ್ನು ಹೊಡೆದುಹಾಕಿದೆ. ಕೂಸಿನದನ್ನೂ. ಇನ್ಸ್‌ಪೆಕ್ಟರ್ ಸಾಹೇಬರು ಬಂದು ನೋಡಿ, "ಏನ ಮಾಡಿದ್ರಿ ಬಾಯಾರ? ಇಡೀ ತಾಲೂಕಿನ್ಯಾಗ ನಿಮ್ಮದೊಂದ ಊರು ಕರಿ ಆತು. ನಾಳೆ ನನ್ನ ಕರದು ಕೇಳ್ತಾರ" ಎಂದು ತಲೆ ಮೇಲೆ ಕೈಯಿಟ್ಟು ಕುಳಿತರು. ಗೌರವ್ವ ಬಾಗಿಲಲ್ಲಿ ನಿಂತಿದ್ದಳು. "ಕೇಳಿದ್ರ ನನ್ನ ಹೆಸರ ಹೇಳ್ರಿ. ನನ್ನ ಸೊಸಿ ಜಡ್ಡು ಬಿದ್ದದ್ದು ನನ್ನ ಮನ್ಯಾಗ, ನನ್ನ ಬಾವಿ ನೀರು ಕುಡದು. ಪೌಡರ ಯಾವಾಗ ತರತೀರಿ ಅದನ್ನ ಹೇಳ್ರಿ ಮೊದಲು" ಎಂದಳು. ಅವರು ಪೌಡರ್ ತರಿಸಿದರು. ನನ್ನ ಕೆಲಸ ಕಾಯಂ ಆಗುವುದು ಎರಡು ವರ್ಷ ತಡವಾಯಿತು, ಆ ಕಾರಣಕ್ಕೋ ಬೇರೆ ಕಾರಣಕ್ಕೋ.

ಆಮೇಲೂ ನಮ್ಮೂರಿನಲ್ಲಿ ಹದಿನಾಲ್ಕು ಮಂದಿ ಮಲಗಿದರು. ಯಾರೂ ಚಕ್ಕಡಿ ಹತ್ತಲಿಲ್ಲ. ಇಬ್ಬರು ಹೋದರು, ಹನ್ನೆರಡು ಮಂದಿ ಎದ್ದರು. ಕೆಳಗಿನೂರಿನಲ್ಲಿ ಹೆಣ ಬೀಳುವುದು ನಿಂತಿತು. ದೂರದಿಂದ ಹಾಳೆ ನೋಡಿದವರಿಗೆ, ರೋಗ ಆಚೆಯ ತಾಲೂಕು ಬಿಟ್ಟು ಈಚೆಯ ತಾಲೂಕಿಗೆ ದಾಟಿತು ಎಂದೇ ಕಂಡಿರಬೇಕು. ಅದು ಎಲ್ಲೂ ದಾಟಿರಲಿಲ್ಲ. ನಾವು ಬರೆಯಲು ಶುರು ಮಾಡಿದ್ದೆವು, ಅಷ್ಟೇ.

ರಾಶಿ ಮುಗಿದು ಗಂಡಸರು ಕಣದಿಂದ ಊರಿಗೆ ಬಂದ ವಾರ ಅದು. ಒಂದು ಮಧ್ಯಾಹ್ನ ಫಕೀರಪ್ಪ ಬಂದು ನನ್ನ ಬಾಗಿಲ ಮುಂದೆ ನಿಂತ. ತಲೆಯ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದ. ಒಳಗೆ ಬಾ ಎಂದರೆ ಬರಲಿಲ್ಲ.

"ಗೌರವ್ವಾರು ಹೇಳಿದ್ರು, ನೀವು ಹೆಸರ ಬರಕೋತೀರಂತ."

"ಯಾರ ಹೆಸರು ಫಕೀರಪ್ಪಣ್ಣಾರ?"

ಗೊತ್ತಿದ್ದೂ ಕೇಳಿದೆ. ಕೇಳಿಯೇ ಬರೆಯಬೇಕು. ಆ ಕಡೆ ಗಂಡಸರು ಹೆಂಡತಿಯ ಹೆಸರನ್ನು ಹೊರಗಿನವರ ಮುಂದೆ ಹೇಳುವುದಿಲ್ಲ. ನಮ್ಮ ಮನಿಯಾಕಿ ಎನ್ನುತ್ತಾರೆ, ಅವರವ್ವ ಎನ್ನುತ್ತಾರೆ. ಅವನು ವಸ್ತ್ರವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ಕಲ್ಲವ್ವ" ಎಂದ.

ಬರೆದೆ. "ಗಂಡನ ಹೆಸರು?"

"ಫಕೀರಪ್ಪ."

"ಊರು?"

ಅವನು ವಸ್ತ್ರವನ್ನು ತಲೆಗೆ ಸುತ್ತಿಕೊಂಡ.

"ಇದ ಊರು ಬರೀರಿ ಬಾಯಾರ" ಎಂದ. "ಆಕಿ ಈ ಊರಾಕಿ."